ದರೋಜಿ ಕೆರೆಗೆ ಸಿಳ್ಳೆ ಬಾತು ನೋಡಲು ಹೊರಟವರಿಗೆ

ದರೋಜಿ ಎಂದರೆ ಹೆಚ್ಚಿನವರಿಗೆ ಕರಡಿಧಾಮ. ಜಾನಪದ ಬಲ್ಲವರಿಗೆ ಬುರ್ರಕಥೆ ಈರಮ್ಮನವರ ಊರು. ಸಂಡೂರಿನ ಬೆಟ್ಟಗಳಿಂದ ಇಳಿದು ಬರುವ ನಾರಿಹಳ್ಳದ ನೀರುಂಡ ಇಲ್ಲಿನ ದೊಡ್ಡ ಕೆರೆಯನ್ನೇ ನೋಡಬೇಕೆಂದು ಬರುವವರು ಕಡಿಮೆ. ಜನವರಿಯಲ್ಲಿ ಬಳ್ಳಾರಿಯಿಂದ ನಾವು ಹೋದದ್ದು ಅಲ್ಲಿನ ಸಿಳ್ಳೆ ಬಾತುಗಳಿಗಾಗಿ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಈ ಹಕ್ಕಿ ಹಗಲೆಲ್ಲ ನೀರಿನಂಚಿನಲ್ಲಿ ಗುಂಪುಗೂಡಿ ತೂಕಡಿಸುತ್ತದೆ. ಹೊತ್ತು ಮುಳುಗುತ್ತಿದ್ದಂತೆ ಗದ್ದೆಗಳತ್ತ ಹಾರಿ, ರಾತ್ರಿ ಕಾಳು, ಎಳೆ ಹುಲ್ಲು, ಬಸವನಹುಳು ತಿನ್ನುತ್ತದೆ. ಕರಡಿಗಳು ಕಾಣುವುದೂ ಸಂಜೆಯೇ. ಎರಡನ್ನೂ ಒಂದೇ ಸಂಜೆಗೆ ತುರುಕಿದರೆ ಎರಡೂ ಅರೆಬರೆಯಾಗುತ್ತವೆ. ಕೆರೆಗೇ ಒಂದು ಸಂಜೆ ಮೀಸಲಿಡಿ.

ನಾಲ್ಕು ಗಂಟೆಗೆ ಕೆರೆಯ ಏರಿ ಹತ್ತಿ, ಬಿಸಿಲು ಬೆನ್ನಿಗಿರುವ ಜಾಗ ಹುಡುಕಿ ಕುಳಿತೆವು. ನೀರಲ್ಲಿ ಅರ್ಧ ಮುಳುಗಿದ್ದ ಬಳ್ಳಾರಿ ಜಾಲಿಯ ಒಣ ಕೊಂಬೆಯ ಮೇಲೆ ಒಂದು ಜೋಡಿ ಒತ್ತಿಕೊಂಡು ಕುಳಿತಿತ್ತು. ಮರದ ಮೇಲೆ ಬಾತು ಕಂಡರೆ ಬೆರಗಾಗಬೇಡಿ, ಇದರ ರೂಢಿಯೇ ಅದು. ಮಳೆಗಾಲದಲ್ಲಿ ಮರದ ಪೊಟರೆಯಲ್ಲೂ ಮೊಟ್ಟೆಯಿಡುತ್ತದೆ. ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸಲಾಗದು, ಕಾವು ಕೂರುವುದೂ ಇಬ್ಬರೂ. ಬೈನಾಕ್ಯುಲರಿನಲ್ಲಿ ಕಣ್ಣಿನ ಸುತ್ತಲಿನ ತೆಳು ಹಳದಿ ಉಂಗುರ, ಬೆನ್ನ ಗರಿಗಳ ಕಂದು ಅಂಚು ನಿಚ್ಚಳವಾಗಿ ಕಂಡವು. ಉದ್ದ ಸುಮಾರು 40 ಸೆಂ.ಮೀ., ತೂಕ ಅರ್ಧ ಕಿಲೋ ಆಸುಪಾಸು, ಅಷ್ಟೇ.

ಆರು ದಾಟಿದ ಮೇಲೆ ಗುಂಪು ಎದ್ದಿತು. ಮೊದಲು ಕೇಳಿಸಿದ್ದು ಎರಡು ಸ್ವರದ ಸಿಳ್ಳೆ. ಹಕ್ಕಿಗಳು ಕಣ್ಣಿಗೆ ಬಿದ್ದದ್ದು ಆಮೇಲೆ. ತಲೆ ತಗ್ಗಿಸಿ, ಕಾಲು ಹಿಂದಕ್ಕೆ ಚಾಚಿ, ಅಗಲ ರೆಕ್ಕೆಗಳನ್ನು ನಿಧಾನವಾಗಿ ಬಡಿಯುತ್ತ ಹಾರುತ್ತವೆ. ಆಗ ಬಾಲದ ಬುಡ ನೋಡಿ: ಕೆಂಗಂದು ಬಣ್ಣವಿದ್ದರೆ ಇದೇ. ಕೆನೆಬಿಳುಪು ಪಟ್ಟಿಯಿದ್ದರೆ ಇದಕ್ಕಿಂತ ದೊಡ್ಡದಾದ, ಅಪರೂಪದ ಇನ್ನೊಂದು ಸಿಳ್ಳೆ ಬಾತು.

ಚಳಿಗಾಲದಲ್ಲಿ ಜನ ಪಟ್ಟೆತಲೆ ಹೆಬ್ಬಾತಿಗಾಗಿಯೇ ಕೆರೆ ಸುತ್ತುತ್ತಾರೆ. ದೂರದಿಂದ ಬಂದ ಅತಿಥಿಗೆ ಸಿಗುವ ಮರ್ಯಾದೆ ವರ್ಷವಿಡೀ ನಮ್ಮಲ್ಲೇ ಇರುವ ಈ ಹಕ್ಕಿಗೂ ಸಿಗಬೇಕೆಂಬುದು ನನ್ನ ಆಸೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಹಗಲಿನ ನಿದ್ದೆ ಕೆಟ್ಟರೆ ಗುಂಪು ಜಾಗವನ್ನೇ ಬಿಡಬಹುದು.

ಊಟ, ನೀರು, ಟಾರ್ಚು ಜೊತೆಗಿರಲಿ. ಕತ್ತಲಾದ ಮೇಲೆ ಬಸ್ಸು ನೆಚ್ಚಬೇಡಿ, ಬಳ್ಳಾರಿಯಿಂದಲೋ ತೋರಣಗಲ್ಲಿನಿಂದಲೋ ವಾಹನ ಗೊತ್ತುಮಾಡಿಕೊಂಡೇ ಹೊರಡಿ.