ತೂಬಿನ ಹ್ಯಾಂಡಲ್ ಯಾರ ಹತ್ತಿರ?

ನಮ್ಮೂರ ಕೆರೆಯ ತೂಬಿಗೆ, ಅಂದರೆ ಗದ್ದೆಗೆ ನೀರು ಬಿಡುವ ಕಿಂಡಿಗೆ, ಈಗ ಕಬ್ಬಿಣದ ಗೇಟು ಇದೆ. ಅದನ್ನು ತಿರುಗಿಸಿ ಮೇಲೆತ್ತೋಕೆ ಒಂದು ಹ್ಯಾಂಡಲ್ ಬೇಕು. ಮೊಳದುದ್ದದ ಕಬ್ಬಿಣ, ತುದಿಯಲ್ಲಿ ಚೌಕ ತೂತು. ಆ ಹ್ಯಾಂಡಲ್ ನಮ್ಮೂರಲ್ಲಿ ಇಲ್ಲ. ಹನ್ನೊಂದು ಕಿಲೋಮೀಟರ್ ಆಚೆ ಒಂದು ಕಚೇರಿಯ ಬೀರುವಿನಲ್ಲಿದೆ. ಕಳೆದ ವಾರ ಅದೇ ಕಚೇರಿಯಿಂದ ನಮ್ಮ ಕೆರೆ ಸಂಘಕ್ಕೆ ಒಂದು ಕಾಗದ ಬಂತು. ಏರಿ, ತೂಬು, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿ, ಕಾಲುವೆ, ಎಲ್ಲದರ ನಿರ್ವಹಣೆ ಇನ್ನು ಮುಂದೆ ಕೆರೆ ಬಳಕೆದಾರರ ಜವಾಬ್ದಾರಿ ಅಂತ ಅದರಲ್ಲಿದೆ. ಹ್ಯಾಂಡಲ್ ಬಗ್ಗೆ ಒಂದು ಮಾತೂ ಇಲ್ಲ.

ಮೂರು ದಿನದಿಂದ ಇದೇ ಯೋಚನೆ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ನಮ್ಮೂರು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಂಡ್ಯ ಜಿಲ್ಲೆ ಅಂದರೆ ಹೊರಗಿನವರಿಗೆ ಕನ್ನಂಬಾಡಿ, ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ಕಣ್ಣ ಮುಂದೆ ಬರುತ್ತದೆ. ಆ ನಾಲೆ ನಮ್ಮೂರಿಗೆ ಬರುವುದಿಲ್ಲ. ನಮ್ಮದು ರಾಗಿ, ಹುರುಳಿ, ತೆಂಗು. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬಯಲಲ್ಲಿ ಒಂದು ಬೆಳೆ ಭತ್ತ. ಕೆರೆ ಬತ್ತಿದ ವರ್ಷ ಮೇಲಿನ ತೋಟಗಳ ಬೋರ್‌ವೆಲ್ ಕೂಡ ಬತ್ತುತ್ತವೆ. ನಾನು ಎರಡು ಸೀಮೆ ಹಸು ಸಾಕಿದ್ದೇನೆ, ಊರಿನ ಮಹಿಳಾ ಡೇರಿಯಲ್ಲಿ ನಿರ್ದೇಶಕಿ. 2015ರಿಂದ ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯೂ ಆಗಿದ್ದೆ.

ನಮ್ಮ ತಾತ ಈ ಕೆರೆಯ ನೀರುಗಂಟಿ. ಈಗಿನ ಹುಡುಗರಿಗೆ ನೀರುಗಂಟಿ ಅಂದರೆ ಮೋಟ್ರು ಹಾಕಿ ನಲ್ಲಿಗೆ ನೀರು ಬಿಡುವವರು. ಆಗ ಹಾಗಲ್ಲ. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ಹೊತ್ತಲ್ಲಿ ನೀರು ಅಂತ ನೋಡುವುದು, ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿ ಸುತ್ತುವುದು, ಎಲ್ಲ ಅವರದೇ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವರ ಪಾಲಿನ ಭತ್ತ ಬರುತ್ತಿತ್ತು. ಚಾಕರಿಗೆ ಅಂತ ಒಂದೂಕಾಲು ಎಕರೆ ಜಮೀನೂ ಇತ್ತು.

ಹಳೇ ತೂಬಿನ ಒಳಮುಖಕ್ಕೆ ಕಲ್ಲಿನ ಮೆಟ್ಟಿಲಿದ್ದವು. ನೀರು ಎಷ್ಟನೇ ಮೆಟ್ಟಿಲಿಗೆ ನಿಂತಿದೆ ಅಂತ ನೋಡಿ ತಾತ ಆ ವರ್ಷದ ಲೆಕ್ಕ ಹೇಳುತ್ತಿದ್ದರಂತೆ. ಕೆರೆ ಅರ್ಧ ತುಂಬಿದರೆ ಎಲ್ಲರೂ ತಮ್ಮ ಗದ್ದೆಯ ಅರ್ಧಕ್ಕೆ ಮಾತ್ರ ನಾಟಿ. ಮೊದಲ ನೀರು ಬಯಲಿನ ಕೊನೇ ಗದ್ದೆಗೆ. ಮೇಲಿನವರು ರಾತ್ರಿ ಕದ್ದು ಬದು ಒಡೆದುಕೊಂಡರೆ ಮಾರನೆ ದಿನ ಅವರ ಸರದಿ ಹೋಯಿತು. ಪಟೇಲರ ಗದ್ದೆಗೂ ಅದೇ ನಿಯಮ ಅಂತ ಅಪ್ಪ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ.

ಇಷ್ಟು ಕೇಳಿದರೆ, ಆ ಕಾಲವೇ ಚೆಂದ, ಊರಿನ ಕೆಲಸ ಊರೇ ಮಾಡಿಕೊಳ್ಳುತ್ತಿತ್ತು, ಮತ್ತೆ ಹಾಗೇ ಮಾಡೋಣ ಅನಿಸುತ್ತದೆ ಅಲ್ವಾ? ಸಭೆಗಳಲ್ಲಿ ಇದನ್ನೇ ಹೇಳುತ್ತಾರೆ. ನನಗೆ ಮಾತ್ರ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅರ್ಧ ನಾಟಿಯೋ ಪೂರ್ತಿ ನಾಟಿಯೋ ಅಂತ ತೀರ್ಮಾನ ಆಗುತ್ತಿದ್ದದ್ದು ಅರಳಿಕಟ್ಟೆ ಮೇಲೆ. ತಾತ ಕಟ್ಟೆ ಕೆಳಗೆ ನಿಂತು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕಿತ್ತು. ಕೆರೆಯ ವಿಷಯ ಅವರಷ್ಟು ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಕಟ್ಟೆ ಹತ್ತುವಂತಿರಲಿಲ್ಲ, ಯಾರ ಮನೆಯ ಜಗಲಿಯನ್ನೂ ಹತ್ತುವಂತಿರಲಿಲ್ಲ. ನಮ್ಮ ಅಜ್ಜಿಗಂತೂ ಆ ಕಟ್ಟೆಯ ಹತ್ತಿರ ಹೋಗುವ ಮಾತೇ ಇಲ್ಲ. ತಾತ ಎಲ್ಲರಿಗೂ ‘ಬುದ್ದಿ’ ಅನ್ನಬೇಕಿತ್ತು. ‘ಊರು’ ಅಂದರೆ ಯಾರು ಅನ್ನುವುದು ಆಗ ಹಾಗಿತ್ತು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂತು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ, ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಚಾಕರಿ ಜಮೀನು ತಾತನ ಹೆಸರಿಗೇ ಆಯಿತು. ಅಪ್ಪ ಓದಿದ್ದು, ನಾವು ಮನೆ ಕಟ್ಟಿದ್ದು ಆ ಜಮೀನಿನಿಂದ. ಸರ್ಕಾರ ಊರಿನ ವಿಷಯಕ್ಕೆ ಕೈ ಹಾಕಿದ್ದರಿಂದಲೇ ನಮ್ಮ ಮನೆಗೆ ಮರ್ಯಾದೆ ಬಂತು. ಕಟ್ಟೆ ಕೆಳಗೆ ನಿಂತಿದ್ದವರ ಮೊಮ್ಮಗಳು ನಾನು ಪಂಚಾಯಿತಿಯಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದೂ ಮೀಸಲಾತಿಯಿಂದ. ಎಲ್ಲವನ್ನೂ ಊರಿಗೇ ಬಿಟ್ಟು ಸರ್ಕಾರ ದೂರ ಸರಿಯಲಿ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಆ ಹುದ್ದೆ ಹೋದ ಮೇಲೆ ಕೆರೆ ಮಾತ್ರ ಅನಾಥವಾಯಿತು.

ಪಂಚಾಯಿತಿಗೆ ಆಯ್ಕೆಯಾದ ವರ್ಷ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ತರಬೇತಿಗೆ ಹೋಗಿದ್ದೆ. ನಜೀರ್ ಸಾಬ್ ಗುಂಡ್ಲುಪೇಟೆಯವರು. ಊರೂರಿಗೆ ಕುಡಿಯುವ ನೀರಿನ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನಿಸಿಕೊಂಡ ಮಂತ್ರಿ. 1983ರ ಕಾಯಿದೆ ತಂದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಅಧಿಕಾರ ಕೊಡಿಸಿದವರು. ಆ ಮೇಲೆ 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಪಂಚಾಯಿತಿಗಳಿಗೆ ಅಂತ 29 ವಿಷಯಗಳ ಪಟ್ಟಿ ಮಾಡಿದರು. ಅದರಲ್ಲಿ ಮೂರನೆಯದು ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಎರಡು ಸಲ ಗೆರೆ ಎಳೆದಿದ್ದೇನೆ. ಈಗಲೂ ಇಟ್ಟುಕೊಂಡಿದ್ದೇನೆ.

ಆ ತರಬೇತಿಯ ನಂತರ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕೆರೆಯನ್ನು ಊರಿಗೆ ವಾಪಸ್ ಕೊಡುವ ಮಾತು ಹೊಸದೇನಲ್ಲ. ಮಹಾರಾಜರ ಕಾಲದಲ್ಲಿ, 1911ರಲ್ಲೇ, ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿ ಕಾನೂನು ಮಾಡಿತ್ತು. 1965ಕ್ಕೆ ನೀರಾವರಿ ಕಾಯಿದೆ ಬಂತು. ಅದಕ್ಕೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಮಾಡಿದರು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ರಾಜ್ಯದಲ್ಲಿ 36 ಸಾವಿರಕ್ಕೂ ಜಾಸ್ತಿ ಕೆರೆಗಳಿವೆ. ಅಷ್ಟನ್ನೂ ಇಲಾಖೆಯೇ ಕಾಯುವುದು ಆಗದ ಮಾತು, ಒಪ್ಪುತ್ತೇನೆ. ಏರಿಯಲ್ಲಿ ಹೆಗ್ಗಣ ಬಿಲ ತೋಡಿದ್ದು ಬೆಂಗಳೂರಿಗೆ ಹೇಗೆ ಕಾಣಬೇಕು? ಬೆಳಗ್ಗೆ ದನ ಹೊಡೆದುಕೊಂಡು ಹೋಗುವವರಿಗೆ ಕಾಣುತ್ತದೆ.

2022ರಲ್ಲಿ ನಮಗೆ ಹಾಗೆಯೇ ಕಂಡಿತು. ಆ ವರ್ಷ ಮಳೆ ಬಿಡಲೇ ಇಲ್ಲ. ಕೆರೆ ಕೋಡಿ ಬಿದ್ದು ವಾರವಾಗಿತ್ತು. ಒಂದು ಸಂಜೆ ಹಸು ಹಿಡಿದುಕೊಂಡು ಬರುತ್ತಿದ್ದ ಹುಡುಗ ಓಡಿ ಬಂದು ಏರಿ ಬುಡದಲ್ಲಿ ನೀರು ಉಕ್ಕುತ್ತಾ ಇದೆ ಅಂದ. ಟಾರ್ಚು ಹಿಡಿದು ಹೋದೆವು. ಗದ್ದೆ ಬದುವಿನ ಪಕ್ಕ ಅಂಗೈ ಅಗಲದ ಜಾಗದಲ್ಲಿ ನೀರು ಬುಳುಬುಳು ಅಂತ ಮೇಲೇಳುತ್ತಿತ್ತು. ಅಪ್ಪನಿಗೆ ಆಗ ಎಪ್ಪತ್ತೆಂಟು. ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆಯಲ್ಲಿ ನೀರು ಹಿಡಿದು ಟಾರ್ಚಿನ ಬೆಳಕಿಗೆ ನೋಡಿದರು. “ತಿಳಿನೀರು ಬಂದ್ರೆ ಭಯ ಇಲ್ಲ. ಇದು ಕೆಂಪುನೀರು. ಏರಿ ಮಣ್ಣು ಕರಗ್ತಾ ಅದೆ” ಅಂದರು.

ಯಾರೋ ಕಲ್ಲು ತುಂಬಿ ಬಾಯಿ ಮುಚ್ಚಲು ಹೋದರು. ಅಪ್ಪ ಗದರಿದರು. “ಮುಚ್ಚಬ್ಯಾಡಿ ಕಣ್ರೋ, ಇನ್ನೊಂದು ಕಡೆ ಕಿತ್ಕೊಂಡು ಬತ್ತದೆ. ಸುತ್ತ ಕಟ್ಟಿ.” ಸಿಮೆಂಟು ಚೀಲ, ಗೊಬ್ಬರದ ಚೀಲ, ಯಾರ ಮನೆಯಲ್ಲಿ ಏನಿತ್ತೋ ಅದರಲ್ಲೆಲ್ಲ ಮರಳು, ಮಣ್ಣು ತುಂಬಿ ಬುಗ್ಗೆಯ ಸುತ್ತ ಬಾವಿಕಟ್ಟೆಯ ಹಾಗೆ ಕಟ್ಟಿದೆವು. ಒಳಗೆ ಮರಳು, ಜಲ್ಲಿ ಸುರಿದೆವು. ಕಟ್ಟೆ ಮೇಲೇರಿದ ಹಾಗೆ ಒಳಗಿನ ನೀರೂ ಏರಿತು, ಉಕ್ಕುವ ರಭಸ ಕಡಿಮೆಯಾಯಿತು. ನಡುರಾತ್ರಿ ದಾಟಿದ ಮೇಲೆ ಅಪ್ಪ ಮತ್ತೊಂದು ಬೊಗಸೆ ನೀರು ಹಿಡಿದರು. ತಿಳಿಯಾಗಿತ್ತು. ಅಷ್ಟೊತ್ತಿಗೆ ಮೇಲಿನ ಕೇರಿ, ಕೆಳಗಿನ ಕೇರಿ ಎಲ್ಲ ಸೇರಿ ಅರವತ್ತು ಜನಕ್ಕೂ ಜಾಸ್ತಿ ಇದ್ದರು. ಹೆಂಗಸರೇ ಅರ್ಧ. ಒಂದೇ ಪಾತ್ರೆಯಿಂದ ಎಲ್ಲರೂ ಕಾಫಿ ಕುಡಿದೆವು. ಅಪ್ಪ ಆ ಲೋಟ ಹಿಡಿದುಕೊಂಡು ಸುಮ್ನೆ ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಬೆಳಗ್ಗೆ ನೋಡಿದರೆ ಕೋಡಿಗೆ ಅಡ್ಡಲಾಗಿ ಬಲೆ ಕಟ್ಟಿದ್ದರು. ಮೀನು ಹಿಡಿಯುವ ಗುತ್ತಿಗೆದಾರ, ಮೀನು ಹೊರಗೆ ಹೋಗಬಾರದು ಅಂತ ಕಟ್ಟಿಸಿದ್ದ. ಬಲೆಗೆ ಕಸ, ಜೊಂಡು ಸಿಕ್ಕಿಕೊಂಡು ಕೋಡಿ ಅರ್ಧ ಮುಚ್ಚಿತ್ತು. ಹೋಗಬೇಕಾದ ನೀರು ಹೋಗದೆ ಏರಿ ಮೇಲೆ ಭಾರ ಬಿದ್ದಿತ್ತು. ಮೀನು ಹರಾಜಿನಲ್ಲಿ ನಮ್ಮ ಮಾತು ಇಲ್ಲ. ದುಡ್ಡು ಪಂಚಾಯಿತಿ ಖಾತೆಗೆ ಹೋಗುತ್ತದೆ. ನಾನು ಸದಸ್ಯೆಯಾಗಿದ್ದಾಗ, ಅದರಲ್ಲಿ ಒಂದು ಪಾಲು ಕೆರೆಗೇ ಇಡೋಣ ಅಂತ ಎರಡು ಸಲ ಕೇಳಿದ್ದೆ. ಆಗಲಿಲ್ಲ.

ಆ ರಾತ್ರಿಯನ್ನು ನೋಡಿಯೇ ಇರಬೇಕು, ಮುಂದಿನ ವರ್ಷ ಅಧಿಕಾರಿಗಳು ಬಂದು ಸಂಘ ಮಾಡಿಕೊಳ್ಳಿ ಅಂದರು. ಸಂತೋಷದಿಂದಲೇ ಮಾಡಿಕೊಂಡೆವು. ಮನೆಗೆ ಐನೂರು ರೂಪಾಯಿ ಹಾಕಿದೆವು. ಆ ಸಭೆಯಲ್ಲಿ ಒಬ್ಬರು ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರ ಉದಾಹರಣೆ ಕೊಟ್ಟರು. ಕುರಿ ಕಾಯುತ್ತಾ, ಕುರಿ ಮಾರಿದ ದುಡ್ಡಿನಲ್ಲಿ ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿಸಿದವರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. 2022ರಲ್ಲಿ ಕಾಮೇಗೌಡರು ತೀರಿಕೊಂಡರು. ಅವರ ಹೆಸರು ಕೇಳಿದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ “ಅವರೊಬ್ಬರೇ ಮಾಡಿದರು, ನೀವು ಇಷ್ಟು ಜನ ಮಾಡೋಕಾಗಲ್ವಾ?” ಅಂತ ಕೇಳಿದಾಗ ಬೇಜಾರಾಯಿತು. ಒಬ್ಬರು ಜೀವಮಾನವಿಡೀ ಬೆವರು ಸುರಿಸಿದ್ದನ್ನು ಇಲಾಖೆಯ ಕೆಲಸಕ್ಕೆ ಅಳತೆಗೋಲು ಮಾಡಬಾರದು.

ಸಂಘ ಮೊದಲು ಕೈ ಹಾಕಿದ ಕೆಲಸ ಕೆರೆಗೆ ನೀರು ತರುವ ಹಳ್ಳ. ನಕ್ಷೆಯಲ್ಲಿ ಹಳ್ಳ ಇದೆ, ನೆಲದ ಮೇಲೆ ಒಂದು ಕಡೆ ತೆಂಗಿನ ತೋಟ ಇದೆ. ನಾವು ಐದು ಜನ ಹೋಗಿ ಕೇಳಿದೆವು. ತಾತ ‘ಬುದ್ದಿ’ ಅನ್ನುತ್ತಿದ್ದ ಮನೆಯವರು. ನಾನು ಅಣ್ಣ ಅಂತೀನಿ.

“ಅಣ್ಣ, ಹಳ್ಳದ ಜಾಗ ಬಿಟ್ಟುಕೊಡಿ. ಮರ ಕಡೀಬೇಡಿ, ನೀರು ಹೋಗೋಷ್ಟು ದಾರಿ ಸಾಕು.”

“ಕೇಳೋಕೆ ನೀನ್ಯಾರವ್ವ? ತಾಸೀಲ್ದಾರ್ರು ನೋಟಿಸ್ ಕೊಟ್ಟವ್ರಾ? ಇದ್ರೆ ತೋರ್ಸು.”

ಜೋರು ಮಾಡಿ ಹೇಳಲಿಲ್ಲ, ಕೂರಿಸಿ ಮಜ್ಜಿಗೆ ಕೊಟ್ಟೇ ಹೇಳಿದರು. ಅವರು ಕೇಳಿದ್ದರಲ್ಲಿ ನ್ಯಾಯವೂ ಇದೆ. ಒಂದು ಸಂಘದವರು ಬಂದು ಜಾಗ ಬಿಡು ಅಂದರೆ ಯಾರು ಬಿಡುತ್ತಾರೆ? ಕಚೇರಿಗೆ ಹೋದರೆ, “ಊರಿನವರೇ ಕೂತು ಬಗೆಹರಿಸ್ಕೊಳ್ಳಿ, ಈಗ ಕೆರೆ ನಿಮ್ಮದೇ ತಾನೇ” ಅಂದರು. ಊರಲ್ಲಿ ಕೂತು ಬಗೆಹರಿಸಿಕೊಳ್ಳಿ ಅಂತ ನನಗೆ ಹೇಳಿದಾಗ ಕಣ್ಣ ಮುಂದೆ ಬರುವುದು ಅರಳಿಕಟ್ಟೆ. ಗಟ್ಟಿಯಾಗಿರುವವರ ಮಾತು ನಡೆಯುವ ಜಾಗ ಅದು. ಅಂಥ ಕಡೆಯೇ ಸರ್ಕಾರ ನಮ್ಮ ಪಕ್ಕ ನಿಲ್ಲಬೇಕು.

ನಮ್ಮ ಜನಕ್ಕೆ ಜವಾಬ್ದಾರಿ ಇಲ್ಲ ಅನ್ನುವವರು ಒಂದು ದಿನ ಬೆಳಗ್ಗೆ ಆರೂವರೆಗೆ ನಮ್ಮ ಡೇರಿಗೆ ಬರಬೇಕು. ನೂರ ಹತ್ತು ಹೆಂಗಸರು ಹಾಲು ಹಾಕುತ್ತೇವೆ. ಪ್ರತಿ ಕ್ಯಾನಿನ ಹಾಲೂ ಟೆಸ್ಟ್ ಆಗುತ್ತದೆ, ಚೀಟಿ ಕೈಗೆ ಬರುತ್ತದೆ. ನೀರು ಬೆರೆಸಿದವರಿಗೆ ನಾವೇ ಹೇಳುತ್ತೇವೆ, ನಾಳೆ ತರಬೇಡಿ ಅಂತ. ಬಟವಾಡೆ ತಡವಾದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತೇವೆ. ಒಕ್ಕೂಟದವರು ಬಂದು ಲೆಕ್ಕ ನೋಡುತ್ತಾರೆ, ಪಶುವೈದ್ಯರನ್ನು ಕಳಿಸುತ್ತಾರೆ. ಬೈಲಾ ಇದೆ, ಬ್ಯಾಂಕ್ ಖಾತೆ ಇದೆ, ಲಾಭದಲ್ಲಿ ಬೋನಸ್ ಇದೆ. ಹಾಲು ಹಾಕುವ ಇದೇ ಹೆಂಗಸರು ಕೆರೆ ಸಂಘದ ಸಭೆಗೆ ಬರುತ್ತಿಲ್ಲ. “ಬಂದು ಏನ್ ಮಾಡಾನ ಅಕ್ಕ, ಐನೂರು ಕೊಟ್ಟಾಯ್ತಲ್ಲ” ಅನ್ನುತ್ತಾರೆ. ತಪ್ಪು ಅವರದ್ದು ಅಂತ ನಾನು ಹೇಳಲಾರೆ. ಮೀನಿನ ದುಡ್ಡು ನಮ್ಮದಲ್ಲ, ತೂಬಿನ ಹ್ಯಾಂಡಲ್ ನಮ್ಮದಲ್ಲ, ಒತ್ತುವರಿ ಬಿಡಿಸುವ ಅಧಿಕಾರ ನಮ್ಮದಲ್ಲ. ಏರಿ ಒಡೆದರೆ ಮಾತ್ರ ನಮ್ಮದು.

ಅದಕ್ಕೇ ಕಾಗದಕ್ಕೆ ಸಹಿ ಹಾಕದೆ ಉತ್ತರ ಬರೆದಿದ್ದೇವೆ. ಕೆರೆ ನೋಡಿಕೊಳ್ಳಲು ನಾವು ತಯಾರು. ಹ್ಯಾಂಡಲ್ ಊರಿಗೆ ಕೊಡಿ. ಮೀನು ಹರಾಜಿನ ದುಡ್ಡಲ್ಲಿ ಅರ್ಧ ಸಂಘದ ಖಾತೆಗೆ ಹಾಕಿ, ಲೆಕ್ಕ ಗ್ರಾಮಸಭೆಯಲ್ಲಿ ಓದುತ್ತೇವೆ. ಕೋಡಿಗೆ ಬಲೆ ಕಟ್ಟಬಾರದು ಅಂತ ಗುತ್ತಿಗೆಯಲ್ಲೇ ಬರೆಯಿರಿ. ಮಳೆಗಾಲಕ್ಕೆ ಮೊದಲು ಒಬ್ಬ ಇಂಜಿನಿಯರ್ ಬಂದು ನಮ್ಮ ಜೊತೆ ಏರಿ ಮೇಲೆ ನಡೆಯಲಿ. ಸಂಘದಲ್ಲಿ ಎರಡೂ ಕೇರಿಯ ಹೆಂಗಸರು ಇರಲೇಬೇಕು ಅಂತ ನಾವೇ ಸೇರಿಸಿದೆವು. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಕೊನೇ ಗದ್ದೆಗೆ ಮೊದಲ ನೀರು ಅಂತಾನೂ ಬರಿ” ಅಂದರು. ಬರೆದೆ.

ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಳ್ಳದ ಅರ್ಜಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದೆ. ಮಂಗಳವಾರ ಸರ್ವೆಯರ್ ಬರುತ್ತಾರಂತೆ. ಚೈನು ಹಿಡಿಯಲು ಊರಿಂದ ಇಬ್ಬರು ಬೇಕು ಅಂದಿದ್ದಾರೆ. ತೋಟದ ಅಣ್ಣನಿಗೂ ಹೇಳಿ ಬಂದಿದ್ದೇನೆ, ನೀವೂ ನಿಂತು ನೋಡಿ ಅಂತ. ಬೆಳಗ್ಗೆ ಹಾಲು ಹಾಕಿ ನೇರ ಅಲ್ಲಿಗೆ ಹೋಗುತ್ತೇನೆ. ಚೈನಿನ ಒಂದು ತುದಿ ನಾನು ಹಿಡಿಯುತ್ತೇನೆ.