ಎರಡು ಎಂಚಿಲಾಡ, ಒಂದು ಗ್ರೈಂಡರ್: ಆರನೇ ವಾರಕ್ಕೆ ಎಲ್ಲಿಗೆ ಬಂತು

ನಾವಿರುವುದು ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಮನೆಯಿಂದ ಹತ್ತು ನಿಮಿಷದಲ್ಲಿ ಒಂದು ಸಾದಾ ಹೋಟೆಲ್ ಇದೆ. ಕೂತ ಕೂಡಲೇ ಬಿಸಿ ಚಿಪ್ಸ್, ಒಂದು ಬಟ್ಟಲು ಸಾಲ್ಸಾ ತಂದಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಮೆನುವಿನ ಒಂದು ಪುಟ ಪೂರ್ತಿ ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಸ್‌ನಲ್ಲಿ ಬೆಳೆದ ಮೆಕ್ಸಿಕನ್ ಅಡುಗೆ: ನಾಚೋಸ್, ಫಹೀಟಾ, ಪಫಿ ಟಾಕೋ, ಹಳದಿ ಚೀಸ್ ಕರಗಿ ಹರಿಯುವ ಎಂಚಿಲಾಡ (ಹೂರಣ ಸುತ್ತಿದ ರೊಟ್ಟಿಗೆ ಮೆಣಸಿನಕಾಯಿ ರಸ ಹಾಕಿದ್ದು). ಇನ್ನೊಂದು ಪುಟದಲ್ಲಿ ಗಡಿಯಾಚೆಯ ಮೆಕ್ಸಿಕೋ ಅಡುಗೆ: ಮೋಲೆ, ಪೊಸೋಲೆ, ಎಂಚಿಲಾಡಾಸ್ ರೋಹಾಸ್, ಅಂದರೆ ಕೆಂಪು ಎಂಚಿಲಾಡ. ಎರಡೂ ಪುಟದಲ್ಲಿ ಎಂಚಿಲಾಡ ಇದೆ. ಎರಡೂ ಕೆಂಪು, ಎರಡಕ್ಕೂ ಮೆಕ್ಕೆಜೋಳದ ತೆಳು ರೊಟ್ಟಿ, ಟೋರ್ಟಿಯಾವೇ. ರುಚಿ ಮಾತ್ರ ಬೇರೆ ಬೇರೆ ಮನೆಯದು. ಯಾಕೆ ಅಂತ ಮಾಡಿಯೇ ನೋಡಬೇಕು ಅನ್ನಿಸಿತು.

ನಾವು ಮಾಂಸ ತಿನ್ನುವುದಿಲ್ಲ. ಇಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದು ಮಾಮೂಲು, ಹಾಗಾಗಿ ಎಲ್ಲಿಗೆ ಹೋದರೂ ಕೇಳಿ ಕೇಳಿ ತಿನ್ನಬೇಕು. ಮನೆಯಲ್ಲೇ ಮಾಡಿದರೆ ಆ ತಾಪತ್ರಯ ಇಲ್ಲ, ಅಲ್ವಾ.

ಮೊದಲ ಎರಡು ವಾರ

ಬರೀ ಟೋರ್ಟಿಯಾಕ್ಕೇ ಹೋಯಿತು. ಒಂದು ಕಿಲೋ ಒಣ ಮೆಕ್ಕೆಜೋಳ, ಮೂರು ಲೀಟರ್ ನೀರು, ಹತ್ತು ಗ್ರಾಂ ಸುಣ್ಣ. ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ, ಆದರೆ ತಿನ್ನೋದಕ್ಕೆ ಅಂತಲೇ ಮಾಡಿದ ಪುಡಿ. ಇಲ್ಲಿ ಅದನ್ನು ಕಾಲ್ ಅಂತ ಪ್ಯಾಕೆಟ್ ಮಾಡಿ ಮಾರುತ್ತಾರೆ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ರಾತ್ರಿಯೆಲ್ಲ ಹಾಗೇ ಬಿಡಬೇಕು. ಬೆಳಿಗ್ಗೆ ಕಾಳನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರುತ್ತದೆ. ನೀರು ಹಳದಿಯಾಗಿ, ಮಳೆ ಬಿದ್ದ ಹೊಸ ಗೋಡೆಯ ವಾಸನೆ ಬರುತ್ತದೆ.

ಹಾವೇರಿಗೆ ಫೋನ್ ಮಾಡಿ ಹೇಳಿದೆ. ಅವ್ವ ಮೊದಲು ನಂಬಲಿಲ್ಲ. "ಜ್ವಾಳಕ್ಕ ಸುಣ್ಣ ಹಾಕ್ತಾರೇನು? ಜಾಸ್ತಿ ಆದ್ರ ಬಾಯಿ ಸುಡತೈತಿ, ತಮ್ಮಾ, ಚಲೋತ್ನ್ಯಾಗ ತೊಳಿ," ಅಂದಳು. ನಮ್ಮ ಕಡೆ ಹೊಲದ ತುಂಬ ಮೆಕ್ಕೆಜೋಳ ಬೆಳೆದರೂ ಬಹಳಷ್ಟು ಕೋಳಿ ಆಹಾರಕ್ಕೆ ಹೋಗುತ್ತದೆ. ತಟ್ಟೆಗೆ ಬರುವುದು ಬಿಳಿಜೋಳದ ರೊಟ್ಟಿ.

ಹೀಗೆ ಸುಣ್ಣದಲ್ಲಿ ಬೆಂದ ಕಾಳಿಗೆ ನಿಷ್ಟಮಾಲ್ ಅಂತ ಹೆಸರು, ಮೆಕ್ಸಿಕೋದ ಮೂಲನಿವಾಸಿಗಳ ನಹುಆಟ್ಲ್ ಭಾಷೆಯಲ್ಲಿ ಬೂದಿ ಅನ್ನುವ ಪದದಿಂದ ಬಂದದ್ದು. ಇದು ಸುಮ್ನೆ ಸಿಪ್ಪೆ ಬಿಡಿಸೋ ಉಪಾಯ ಅಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಬಿ ವಿಟಮಿನ್ ನಮ್ಮ ಮೈಗೆ ಹತ್ತಬೇಕಾದರೆ ಸುಣ್ಣ ಅಥವಾ ಬೂದಿ ನೀರು ಬೇಕು. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಈ ವಿದ್ಯೆ ಜೊತೆಗೆ ಹೋಗಲಿಲ್ಲ. ಉತ್ತರ ಇಟಲಿಯಲ್ಲಿ ಅದನ್ನೇ ತಿಂದು ಬದುಕಿದ ಬಡವರಿಗೆ ಆ ವಿಟಮಿನ್ ಕೊರತೆಯ ರೋಗ, ಪೆಲಾಗ್ರಾ ಬಂತು. ಇದನ್ನು ಓದಿದ ದಿನ ತೊಳೆದ ಕಾಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಮೂರನೇ ವಾರ

ರುಬ್ಬೋದಕ್ಕೆ ನಮ್ಮ ಇಡ್ಲಿ ಗ್ರೈಂಡರ್. ತೊಂದರೆ ಏನೆಂದರೆ, ನೀರು ಕಮ್ಮಿಯಾದರೆ ಕಲ್ಲು ತಿರುಗುವುದಿಲ್ಲ, ನೀರು ಹಾಕಿದರೆ ಹಿಟ್ಟು ದೋಸೆ ಹಿಟ್ಟಾಗುತ್ತದೆ. ಮೊದಲ ಸಲ ಮೂರು ಲೋಟ ನೀರು ಹೋಯಿತು. ಒಂದು ಟೋರ್ಟಿಯಾನೂ ಒತ್ತಲು ಹಾಕಿದ ಪ್ಲಾಸ್ಟಿಕ್ ಹಾಳೆ ಬಿಟ್ಟು ಏಳಲಿಲ್ಲ. ಈಗ ಕಾಳನ್ನು ಬೊಗಸೆ ಬೊಗಸೆಯಾಗಿ ಹಾಕಿ, ನೀರನ್ನು ಚಮಚದಲ್ಲಿ ಬಿಡುತ್ತೇನೆ. ಕೊನೆಗೆ ಅಂಗಡಿಯ ಒಣ ಮಾಸಾ ಹಿಟ್ಟು (ಸುಣ್ಣದಲ್ಲಿ ಬೇಯಿಸಿದ ಮೆಕ್ಕೆಜೋಳದ್ದೇ) ಎರಡು ಹಿಡಿ ಸೇರಿಸಿ ನಾದುತ್ತೇನೆ. ಒತ್ತಿದರೆ ಅಂಚು ಸೀಳಬಾರದು, ಕೈಗೆ ಅಂಟಬಾರದು. ಅಷ್ಟೇ ಹದ.

ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣ ಉಂಡೆ, ಚೆನ್ನಾಗಿ ಕಾದ ಕಬ್ಬಿಣದ ಹೆಂಚು. ಒಂದು ಮಗ್ಗುಲು ಇಪ್ಪತ್ತು ಸೆಕೆಂಡ್, ತಿರುವಿ ಮುಕ್ಕಾಲು ನಿಮಿಷ, ಮತ್ತೆ ತಿರುವಿದರೆ ಉಬ್ಬಬೇಕು. ಮೊದಲನೆಯದು ಉಬ್ಬಿದಾಗ ಹೆಂಡತಿಯನ್ನು ಕೂಗಿ ಕರೆದೆ. ಅವಳು ಬರುವಷ್ಟರಲ್ಲಿ ಇಳಿದುಹೋಗಿತ್ತು.

ನಾಲ್ಕನೇ ವಾರ: ಟೆಕ್ಸಸ್ ಎಂಚಿಲಾಡ

ಇದರ ಜೀವ ಚಿಲಿ ಗ್ರೇವಿ. ಎಣ್ಣೆಯಲ್ಲಿ ಮೈದಾ ಹುರಿದು, ಕಂದು ಬಣ್ಣಕ್ಕೆ ಬಂದ ಮೇಲೆ ಚಿಲಿ ಪೌಡರ್, ಬೆಳ್ಳುಳ್ಳಿ, ಜೀರಿಗೆ ಪುಡಿ, ಆಮೇಲೆ ತರಕಾರಿ ಬೇಯಿಸಿದ ನೀರು. ಜೀರಿಗೆ ಧಾರಾಳವಾಗಿ ಹಾಕಬೇಕು, ಟೆಕ್ಸ್-ಮೆಕ್ಸ್ ಅನ್ನಿಸುವುದೇ ಅದರಿಂದ. ಇಲ್ಲಿನ ಚಿಲಿ ಪೌಡರ್ ನಮ್ಮ ಖಾರದ ಪುಡಿ ಅಲ್ಲ, ಅದರಲ್ಲಿ ಜೀರಿಗೆ, ಒರೆಗಾನೋ, ಬೆಳ್ಳುಳ್ಳಿ ಬೆರೆತಿರುತ್ತದೆ. ಹಾಗೆ ಬೆರೆಸಿ ಮಾರಿದ ಮೊದಲಿಗರಲ್ಲಿ ಒಬ್ಬ, 1890ರ ದಶಕದಲ್ಲಿ ಇಲ್ಲೇ ಹತ್ತಿರದ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿದ್ದ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ. ಟೋರ್ಟಿಯಾವನ್ನು ಎಣ್ಣೆಯಲ್ಲಿ ಮೆತ್ತಗೆ ಮಾಡಿ, ಚೆಡ್ಡಾರ್ ತುಂಬಿ ಸುತ್ತಿ, ಮೇಲೆ ಗ್ರೇವಿ, ಹಸಿ ಈರುಳ್ಳಿ, ಓವನ್. ಮೊದಲ ಸಲವೇ ಹೋಟೆಲಿನ ಹತ್ತಿರ ಹತ್ತಿರ ಬಂತು.

ಇದನ್ನು ನಕಲಿ ಮೆಕ್ಸಿಕನ್ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. 1836ರವರೆಗೆ ಈ ಊರೇ ಮೆಕ್ಸಿಕೋದಲ್ಲಿತ್ತು. ಇಲ್ಲಿನ ಚೌಕಗಳಲ್ಲಿ ಚಿಲಿ ಕ್ವೀನ್ಸ್ ಅಂತ ಕರೆಸಿಕೊಂಡ ಹೆಂಗಸರು 1930ರ ದಶಕದವರೆಗೂ ರಾತ್ರಿ ಹೊತ್ತು ದೀಪ ಹಚ್ಚಿಟ್ಟು ಚಿಲಿ ಎಂಬ ಖಾರದ ಮಾಂಸದ ಸಾರು ಮಾರುತ್ತಿದ್ದರು. ಬೆಳಗಾವಿ ಊಟದಲ್ಲಿ ಮರಾಠಿ ರುಚಿ ಇದೆ ಅಂತ ಅದನ್ನು ನಕಲಿ ಅನ್ನುತ್ತೇವಾ? ಇದು ಈ ಊರಿನ ಅಡುಗೆ.

ಐದು, ಆರು: ರೋಹಾಸ್

ಇದರಲ್ಲಿ ಮೈದಾನೂ ಇಲ್ಲ, ಪುಡಿನೂ ಇಲ್ಲ. ಇಡೀ ಒಣ ಗ್ವಾಹಿಯೋ ಮೆಣಸಿನಕಾಯಿ, ಜೊತೆಗೆ ಆಂಚೋ ಎಂಬ ಇನ್ನೊಂದು ಬಗೆಯ ಒಣ ಮೆಣಸಿನಕಾಯಿ ಎರಡು. ಬೀಜ ತೆಗೆದು ಹೆಂಚಿನ ಮೇಲೆ ಒತ್ತಿ ಹಿಡಿದರೆ ಕೆಲವೇ ಸೆಕೆಂಡಿಗೆ ಘಮ ಬರುತ್ತದೆ, ಇನ್ನೊಂದಿಷ್ಟು ಬಿಟ್ಟರೆ ಕಹಿ. ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಒರೆಗಾನೋ ಜೊತೆ ರುಬ್ಬಿ ಸೋಸಬೇಕು. ಮುಖ್ಯ ವ್ಯತ್ಯಾಸ ಇಲ್ಲಿದೆ: ಟೋರ್ಟಿಯಾವನ್ನು ಮೊದಲು ಈ ರಸದಲ್ಲಿ ಅದ್ದಿ, ಆಮೇಲೆ ಎಣ್ಣೆಯಲ್ಲಿ ಹಾಕುತ್ತಾರೆ. ಖಾರ ಮೇಲೆ ಕೂರುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಎಂಚಿಲಾಡ ಅಂದರೆ ಮೆಣಸಿನಕಾಯಿ ಹಚ್ಚಿದ್ದು ಅಂತಲೇ ಅರ್ಥ. ಎಣ್ಣೆ ಸಿಡಿಯುತ್ತದೆ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಒಳಗೆ ಕೇಸೋ ಫ್ರೆಸ್ಕೋ ಎಂಬ ಹಸಿ ಚೀಸ್, ಮೆಕ್ಸಿಕೋದ ಮಿಚೊಆಕಾನ್ ಕಡೆಯವರಂತೆ ಮೇಲೆ ಹುರಿದ ಆಲೂಗಡ್ಡೆ, ಕ್ಯಾರೆಟ್.

ಒಂದು ಸಲ ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಲ್ಲಿ ಮಾಡಿದೆ. ಬಣ್ಣ ಗ್ವಾಹಿಯೋಗಿಂತ ಚೆಂದ. ಆದರೆ ಆ ಸಣ್ಣ ಹುಳಿ ಸಿಗಲಿಲ್ಲ, ರಸವೂ ತೆಳು. ಬ್ಯಾಡಗಿಯನ್ನು ನಮ್ಮ ಸಾಂಬಾರಿಗೇ ಇಡುತ್ತೇನೆ.

ಹೋದ ಶನಿವಾರ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದೆ. ಮಗಳು ಹಳದಿ ಚೀಸಿನದನ್ನು ಖಾಲಿ ಮಾಡಿದಳು, ಹೆಂಡತಿ ರೋಹಾಸ್ ಎರಡು ಸಲ ಹಾಕಿಸಿಕೊಂಡಳು. ಇಪ್ಪತ್ತೆರಡು ಟೋರ್ಟಿಯಾದಲ್ಲಿ ಹದಿನೇಳು ಉಬ್ಬಿದವು. ಮುಂದಿನ ವಾರ ಕೊಬ್ಬಿಲ್ಲದೆ ಪಿಂಟೋ ಬೀನ್ಸ್, ಕಾಳು ಈಗಾಗಲೇ ತಂದಿಟ್ಟಿದ್ದೇನೆ.