ಮೊಂತಿ ಹಬ್ಬದಲ್ಲಿ ಓದುವ ಹೆಸರುಗಳ ಪಟ್ಟಿ

ಮೊಂತಿ ಹಬ್ಬ ಅಂದರೆ ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬಕ್ಕೆ ನಮ್ಮ ಕರಾವಳಿಯ ಕ್ಯಾಥೊಲಿಕರು ಮಾಡುವ ಹೊಸ ತೆನೆಯ ಹಬ್ಬ. ಸೆಪ್ಟೆಂಬರ್ 8ರ ಆ ಪೂಜೆಗೆ ಮಕ್ಕಳು ಬರುವುದು ಮರಿಯಳಿಗೆ ಹೂವು ಅರ್ಪಿಸುವ ಖುಷಿಗೆ, ದೊಡ್ಡವರು ಬರುವುದು ತೆನೆಗೆ. ಬೈಬಲ್ ವಾಚನ ಕೇಳೋಕೆ ಅಂತಲೇ ಬರುವವರು ಕಮ್ಮಿ. ಹೊನ್ನಾವರದ ಕಡೆ ಗದ್ದೆಯಲ್ಲಿ ಆಗಿನ್ನೂ ತೆನೆ ಹಸಿರು. ಕಾಳನ್ನು ಉಗುರಲ್ಲಿ ಒತ್ತಿದರೆ ಹಾಲು ಬರುತ್ತದೆ. ಫಾದರ್ ಅದನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ.

ಆ ದಿನದ ಶುಭಸಂದೇಶ, ಅಂದರೆ ಯೇಸುವಿನ ಬದುಕು ಹೇಳುವ ಪುಸ್ತಕಗಳಿಂದ ಓದುವ ಭಾಗ, ಮಾತ್ರ ವಿಚಿತ್ರ. ಮತ್ತಾಯ ಬರೆದ ಶುಭಸಂದೇಶದ ಮೊದಲ ಅಧ್ಯಾಯ, ಬರೀ ವಂಶಾವಳಿ. ಅಬ್ರಹಾಮನಿಂದ ಯೇಸುವಿನವರೆಗೆ ಹೆಸರು, ಹೆಸರು, ಹೆಸರು. ಮಾತೆ ಮರಿಯಳ ಹುಟ್ಟುಹಬ್ಬ, ಆದರೆ ಅವಳ ಹೆಸರು ಬರುವುದು ಪಟ್ಟಿಯ ಕೊನೆಗೆ. ಉದ್ದ ಆಯ್ತು ಅನಿಸಿದರೆ ಪಟ್ಟಿ ಬಿಟ್ಟು ಹದಿನೆಂಟನೇ ವಚನದಿಂದ ಓದಬಹುದು, ಅದಕ್ಕೆ ಅನುಮತಿ ಇದೆ. ಬಿಡುವವರೂ ಇದ್ದಾರೆ. ನನಗದು ಇಷ್ಟ ಇಲ್ಲ.

ಯಾಕೆಂದರೆ ಆ ಗಂಡಸರ ಸಾಲಿನ ನಡುವೆ ಮರಿಯಳಿಗಿಂತ ಮುಂಚೆ ನಾಲ್ಕು ಹೆಂಗಸರಿದ್ದಾರೆ. ಮಾವನಿಂದ ನ್ಯಾಯ ಸಿಗದೆ ವೇಷ ಮರೆಸಿ ದಾರಿಯಲ್ಲಿ ಕೂತ ತಾಮಾರ. ಗೂಢಚಾರರನ್ನು ಮಾಳಿಗೆಯಲ್ಲಿ ಅಡಗಿಸಿದ ಜೆರಿಕೋದ ವೇಶ್ಯೆ ರಾಹಾಬ. ಹೆಸರೂ ಹಿಡಿಯದೆ ‘ಊರೀಯನ ಹೆಂಡತಿ’ ಅಂತಷ್ಟೇ ಕರೆಸಿಕೊಂಡವಳು. ಮತ್ತೆ ರೂತ.

ರೂತ ಪರದೇಶದವಳು, ಮೋವಾಬಿನವಳು. ಗಂಡ ಸತ್ತ ಮೇಲೆ ಅತ್ತೆಯನ್ನು ಬಿಡದೆ ಬೆತ್ಲೆಹೇಮಿಗೆ ಬಂದಳು. ಅದು ಜವೆಗೋಧಿ ಕೊಯ್ಲಿನ ಸಮಯ. ಕೊಯ್ಯುವವರ ಹಿಂದೆ ಹೋಗಿ ಹಕ್ಕಲು ಆಯ್ದಳು. ಹೊಲದ ಯಜಮಾನ ಬೋವಜ ಆಳುಗಳಿಗೆ ಹೇಳಿದ: ಸಿವುಡಿನಿಂದ ಬೇಕಂತಲೇ ಒಂದಿಷ್ಟು ಎಳೆದು ಬಿಡಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ. ಈ ಮಾತು ನಮ್ಮ ಗದ್ದೆ ಬದುವಿನಲ್ಲಿ ಯಾರೋ ಆಡಿದ ಹಾಗೇ ಇದೆ ಅಲ್ವಾ? ಆ ರೂತಳ ಮರಿಮಗ ದಾವೀದ ರಾಜ. ಮೊದಲನೇ ವಾಚನಕ್ಕೆ ಇಟ್ಟಿರುವ ಪ್ರವಾದಿ ಮೀಕನ ಭವಿಷ್ಯವಾಣಿಯೂ ಅದೇ ಪುಟ್ಟ ಬೆತ್ಲೆಹೇಮಿನದ್ದು.

ಈಗಿನ ವಾಚನಗಳ ಕ್ರಮ 1969ರಲ್ಲಿ ರೋಮಿನಿಂದ ಬಂದಿದ್ದು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಮರಿಯಳ ಹುಟ್ಟುಹಬ್ಬಕ್ಕೆ ಮಾತ್ರ ವರ್ಷ ವರ್ಷವೂ ಅದೇ ಪಾಠ. ಆರಿಸಿದವರ ಕಣ್ಣ ಮುಂದೆ ನಮ್ಮ ಕರಾವಳಿಯ ಭತ್ತ ಇದ್ದಿರಲಾರದು. ಆದರೂ ತೆನೆ ಹಿಡಿದು ಕೂತವರ ಕಿವಿಗೆ ತೆನೆ ಆಯ್ದವಳ ಹೆಸರೇ ಬೀಳುತ್ತದೆ. ಯಾರಿಗೆ ಯಾವ ಮಾತು ಯಾವಾಗ ಅಂತ ದೇವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ನಮ್ಮನೇಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಹೊಸ ಅಕ್ಕಿಕಾಳು ಪಾಯಸಕ್ಕೆ ಬಿದ್ದ ಮೇಲೆ, ಬಡಿಸುವ ಮುಂಚೆ, ಮಕ್ಕಳು ಪೂರ್ತಿ ಪಟ್ಟಿ ಓದಬೇಕು. ಶೆಯಲ್ತಿಯೇಲ, ಜೆರುಬ್ಬಾಬೆಲ ಬಂದಾಗ ನಾಲಿಗೆ ತೊಡರುತ್ತದೆ, ಎಲ್ಲರಿಗೂ ನಗು. ಪಾಯಸ ಆರಿದರೆ ಆರಲಿ.